ಕೈಯೂ ಬೇಕು, ಬಾಯಿಯೂ ಬೇಕು: ಡಿಬಿಎಸ್ ನಂತರದ ತೊದಲನ್ನು ಹಿಡಿತಕ್ಕೆ ತಂದ ನನ್ನ ಅನುಭವ

ಪಾರ್ಕಿನ್ಸನ್‌ಗೆ ಡಿಬಿಎಸ್ (ಮೆದುಳಿಗೆ ತಂತಿ, ಎದೆಗೆ ಬ್ಯಾಟರಿ ಹಾಕಿ ಸಣ್ಣ ಕರೆಂಟು ಕೊಡುವ ಶಸ್ತ್ರಚಿಕಿತ್ಸೆ) ಆದಮೇಲೆ ಮಾತು ತೊದಲಿದರೆ ಒಗ್ಗಿಕೊಳ್ಳಬೇಕು, ಬೇರೆ ದಾರಿ ಇಲ್ಲ ಅಂದವರೇ ಎಲ್ಲ. ಒಬ್ಬ ವೈದ್ಯರಂತೂ "ಕೈ ಬೇಕೋ ಬಾಯಿ ಬೇಕೋ ಹೇಳಿ, ಹಾಗೆ ಸೆಟ್ ಮಾಡೋಣ" ಅಂದುಬಿಟ್ಟರು. ತಾಳಮದ್ದಲೆಯಲ್ಲಿ ಅರ್ಥ ಹೇಳುವವನಿಗೆ ಕೇಳುವ ಪ್ರಶ್ನೆಯೇ ಇದು? ಈಗ ಕೌರವನ ಅರ್ಥವನ್ನು ಒಂದು ತಾಸಿನ ಮೇಲೆ ಹೇಳುತ್ತೇನೆ, ಎದುರು ಕೂತ ಕೃಷ್ಣನಿಗೆ ಉತ್ತರಕ್ಕೆ ತಡಕಾಡುವ ಹಾಗೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನದು ಮೆದುಳಿನ ಎರಡೂ ಕಡೆ ಎಸ್‌ಟಿಎನ್ ಅನ್ನುವ ಪುಟ್ಟ ಭಾಗಕ್ಕೆ ತಂತಿ, ರೀಚಾರ್ಜ್ ಆಗುವ ಬ್ಯಾಟರಿ. ಖರ್ಚು ಎಲ್ಲ ಸೇರಿ ಹದಿನಾಲ್ಕು ಲಕ್ಷದ ಆಸುಪಾಸು. ವಿಮೆಯಿಂದ ಬಂದದ್ದು ಅರ್ಧಕ್ಕೂ ಕಡಿಮೆ, ಉಳಿದದ್ದಕ್ಕೆ ಎರಡು ವರ್ಷದ ಅಡಿಕೆ ಹೋಯಿತು. ನಡುಕ ನಿಂತಿತು, ಮೈ ತಿರುಚುವುದು ನಿಂತಿತು, ಸಿಂಡೋಪಾ (ಪಾರ್ಕಿನ್ಸನ್‌ಗೆ ನುಂಗುವ ಲೆವೊಡೋಪಾ ಮಾತ್ರೆ) ಸುಮಾರು ಅರ್ಧಕ್ಕಿಳಿಯಿತು. ಅಲ್ಲಿಗೆ ಎಲ್ಲರೂ ಖುಷಿ. ಮೂರು ತಿಂಗಳು ಕಳೆಯುವಷ್ಟರಲ್ಲಿ ಫೋನಿನಲ್ಲಿ ಮಾತಾಡಿದರೆ ಆ ಕಡೆಯವರು "ಯಾರು? ಏನಂದ್ರಿ?" ಅನ್ನತೊಡಗಿದರು.

ಮೊದಲು ಮಾಡಿದ್ದು ಸ್ಪೀಚ್ ಥೆರಪಿ. ದೊಡ್ಡ ದನಿ ತೆಗೆಸುವ ಪದ್ಧತಿ, ವಾರಕ್ಕೆ ನಾಲ್ಕು ದಿನದಂತೆ ಒಂದು ತಿಂಗಳು. ಹತ್ತು ಸಾವಿರ ರೂಪಾಯಿಯ ಮೇಲೆ ಖರ್ಚಾಯಿತು. ದನಿಯೇನೋ ಏರಿತು, ಆದರೆ ತೊದಲೂ ಅದರ ಜೊತೆಗೇ ಏರಿತು. ಬರೀ ಪಾರ್ಕಿನ್ಸನ್‌ನಿಂದ ದನಿ ಸಣ್ಣಗಾದವರಿಗೆ ಅದು ಒಳ್ಳೆಯದೇ. ನನ್ನ ನಾಲಿಗೆಯನ್ನು ಬಿಗಿಹಿಡಿದದ್ದು ಪಕ್ಕಕ್ಕೆ ಹರಿಯುತ್ತಿದ್ದ ಕರೆಂಟು. ಅದನ್ನು ಕೂಗಿ ಗೆಲ್ಲಲಾಗದು.

ಆಮೇಲೆ ಕರೆಂಟನ್ನೇ ಎರಡೂ ಕಡೆ ಇಳಿಸಿದರು. ಮಾತು ಸ್ವಲ್ಪ ಬಿಡಿಸಿಕೊಂಡಿತು, ಚಹಾದ ಲೋಟ ಹಿಡಿಯಲಾಗಲಿಲ್ಲ. ಮತ್ತೆ ಏರಿಸಿದರು. ಆಮೇಲೆ ಕರೆಂಟಿನ ಮಿಡಿತವನ್ನು 130 ಹರ್ಟ್ಸ್‌ನಿಂದ (ಸೆಕೆಂಡಿಗೆ 130 ಸಲ) 60ಕ್ಕೆ ಇಳಿಸಿದರು. ಮಾತು, ನಡಿಗೆ ಎರಡೂ ಚೆನ್ನಾದವು, ಒಂದು ವಾರ ಮನೆಯಲ್ಲಿ ಹಬ್ಬ. ಎರಡನೇ ವಾರ ಬಲಗೈ ಚಂಡೆ ಬಡಿಯಲು ಶುರು. ಸಾಗರದಿಂದ ಬೆಂಗಳೂರಿಗೆ ಹೋಗಿ ಬಂದರೆ ಇಬ್ಬರ ರೈಲು, ರೂಮು, ಆಟೊ, ಫೀಸು ಸೇರಿ ಐದು ಸಾವಿರ ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. ಹೀಗೆ ಒಂದೂವರೆ ವರ್ಷ ತಿರುಗಿದೆ.

ಗುಟ್ಟು ಎಲ್ಲಿತ್ತೆಂದರೆ, ಸೆಟ್ಟಿಂಗ್ ಬದಲಿಸಿದಾಗ ನಡುಕ ನಿಮಿಷಗಳಲ್ಲಿ ಉತ್ತರ ಕೊಡುತ್ತದೆ. ನನ್ನ ಮಾತು ಹಾಗಲ್ಲ. ಪ್ರೋಗ್ರಾಮಿಂಗ್ ಕೋಣೆಯಲ್ಲಿ ಬೆರಳು ಬಡಿಸಿ, ಮುಷ್ಟಿ ಬಿಚ್ಚಿಸಿ, "ಚೆನ್ನಾಗಿದೆ" ಅಂತ ಕಳಿಸುತ್ತಿದ್ದರು. ನಾಲಿಗೆ ಭಾರವಾಗುತ್ತಿದ್ದದ್ದು ರೈಲು ಹತ್ತಿದ ಮೇಲೆ. ಅದನ್ನು ಅವರಿಗೆ ಯಾರು ಹೇಳಬೇಕು? ನನ್ನ ಮೊಬೈಲು ಹೇಳಿತು.

ಡಾಕ್ಟರನ್ನು ಒಪ್ಪಿಸಿ ರಿಮೋಟಿನಲ್ಲಿ ನಾಲ್ಕು ಗ್ರೂಪ್, ಅಂದರೆ ನಾಲ್ಕು ಬೇರೆ ಬೇರೆ ಸೆಟ್ಟಿಂಗ್, ಹಾಕಿಸಿಕೊಂಡೆ. ಅವರು ಕೊಟ್ಟ ಮಿತಿಯೊಳಗೇ ಬದಲಿಸುವುದು, ಒಂದು ಗ್ರೂಪ್ ಮೂರ್ನಾಲ್ಕು ದಿನ. ದಿನಾ ಮಾತ್ರೆ ತೆಗೆದುಕೊಂಡು ಒಂದು ತಾಸಿಗೆ ಸರಿಯಾಗಿ ಒಂದೇ ಸಾಲನ್ನು ರೆಕಾರ್ಡ್ ಮಾಡುವುದು: "ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯುತ್ತಿತ್ತು." ಕೆಟ್ಟ ದಿನ ಅದು "ತಯೀಕೆಯೆ ಏಯಿ ಮೇಯೆ ಕುಯಿಮಯಿ" ಆಗುತ್ತಿತ್ತು. ಯಾವುದು ಯಾವ ಗ್ರೂಪ್ ಅಂತ ಹೇಳದೆ ಮನೆಯವಳಿಗೆ ಕೇಳಿಸಿ ಹತ್ತಕ್ಕೆ ಅಂಕ ಹಾಕಿಸುತ್ತಿದ್ದೆ. ಅವಳು ದೋಸೆ ಹುಯ್ಯುತ್ತಲೇ ಕೇಳಿ, "ಮೂರನೇದರಲ್ಲಿ ಕುರಿಮರಿ ಇದೆ, ಉಳಿದದ್ದರಲ್ಲಿ ಬರೀ ಮುದ್ದೆ ಇದೆ ನೋಡಿ" ಅನ್ನುತ್ತಿದ್ದಳು. ಅದರ ಪಕ್ಕದಲ್ಲೇ ಕಾಗದದ ಮೇಲೆ ಬಲಗೈಯಲ್ಲಿ ಬರೆದ ಒಂದು ಸುರುಳಿ. ಆರು ವಾರದ ಪಟ್ಟಿ ಮುಂದಿಟ್ಟಾಗ, ಕೈ-ಬಾಯಿ ಪ್ರಶ್ನೆ ಕೇಳಿದ ಅದೇ ವೈದ್ಯರು ಇಯರ್‌ಫೋನ್ ಹಾಕಿಕೊಂಡು ಕಾಲು ತಾಸು ಕೇಳಿದರು.

ಪಟ್ಟಿ ತೋರಿಸಿದ್ದು ಒಂದೇ ಮಾತು: ತೊದಲಿಗೆ ಕಾರಣ ಎಡ ಲೀಡು, ಅಂದರೆ ಮೆದುಳಿನ ಎಡಗಡೆಯ ತಂತಿ. ಬಲದ್ದನ್ನು ಏರಿಸಿದರೂ ಇಳಿಸಿದರೂ ಕುರಿಮರಿಗೆ ಏನೂ ಆಗುತ್ತಿರಲಿಲ್ಲ. ಆದ್ದರಿಂದ ಬಲವನ್ನು ಮುಟ್ಟಲೇ ಇಲ್ಲ. ಎಡದಲ್ಲಿ 1ನೇ ಕಾಂಟ್ಯಾಕ್ಟ್ (ಲೀಡಿನ ತುದಿಯಲ್ಲಿ ಕರೆಂಟು ಹೊರಬರುವ ಜಾಗ) ಬಿಟ್ಟು 2ಕ್ಕೆ ಏರಿಸಿದರು. ನನ್ನ ಲೀಡಿನಲ್ಲಿ ಅದು ಬರೀ 2 ಮಿಲಿಮೀಟರ್ ಮೇಲೆ. ಜೊತೆಗೆ ಬೈಪೋಲಾರ್ ಮಾಡಿದರು, 2 ನೆಗೆಟಿವ್, 3 ಪಾಸಿಟಿವ್; ಕರೆಂಟು ಅಗಲಕ್ಕೆ ಹರಡದೆ ಅಲ್ಲೇ ನಿಲ್ಲುತ್ತದೆ. ಹೀಗೆ ಮಾಡಿದರೆ ಕರೆಂಟು ಸ್ವಲ್ಪ ಜಾಸ್ತಿ ಬೇಕು, ಚಾರ್ಜಿಂಗ್ ವಾರಕ್ಕೊಂದರ ಬದಲು ಐದು ದಿನಕ್ಕೊಂದಾಯಿತು. ಚಾರ್ಜ್ ಆಗದ ಬ್ಯಾಟರಿ ಇದ್ದವರು ಈ ಲೆಕ್ಕ ಮೊದಲೇ ಕೇಳಿಕೊಳ್ಳಿ.

ಇದು ದಿನನಿತ್ಯದ ಗ್ರೂಪ್. ತಾಳಮದ್ದಲೆಯ ಕೂಟಕ್ಕೆ ಬೇರೆಯದೇ ಇದೆ: 80 ಹರ್ಟ್ಸ್, ಎಡಕ್ಕೆ ಇನ್ನೂ ಚೂರು ಕಡಿಮೆ. ಭಾಗವತರ ಗಣಪತಿ ಸ್ತುತಿಗೆ ಮುಂಚೆ ಸುಮಾರು ಮುಕ್ಕಾಲು ತಾಸು ಇರುವಾಗ ಬದಲಿಸುತ್ತೇನೆ. ಎಡ ಮೆದುಳಿನ ಹಿಡಿತದಲ್ಲಿರುವ ಬಲಗೈ ತುಸು ಅದುರುತ್ತದೆ, ಶಾಲಿನ ಕೆಳಗಿಟ್ಟುಕೊಂಡರೆ ಆಯಿತು. ಅರ್ಧ ಮಾತ್ರೆ ಖಾಲಿ ಹೊಟ್ಟೆಗೆ. ಬೇಳೆ, ಹಾಲು, ಮೊಸರಿನ ಊಟ ಕೂಟ ಮುಗಿದ ಮೇಲೆಯೇ. ಪ್ರೋಟೀನು ಹೊಟ್ಟೆಯಲ್ಲಿದ್ದರೆ ಮಾತ್ರೆ ಕೈಕೊಡುವುದು ನಿಮಗೆಲ್ಲ ಗೊತ್ತಿದ್ದದ್ದೇ. ಪದ್ಯ ಮುಗಿದು ಅರ್ಥ ಎತ್ತುವ ಮೊದಲು ಉಸಿರಿನದೊಂದು ಕಸರತ್ತಿದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಎದುರು ಅರ್ಥಧಾರಿಗಳೂ ಇದನ್ನು ಓದುತ್ತಾರೆ.

ನಡುವೆ ನಸುಗುನ್ನಿ ಬೀಜದ ಪುಡಿಯನ್ನೂ ಹಾಲಲ್ಲಿ ಕಲಸಿ ನೋಡಿದೆ, ಡಾಕ್ಟರಿಗೆ ಹೇಳಿಯೇ. ಅದರಲ್ಲಿರುವುದೂ ಲೆವೊಡೋಪಾನೇ. ಒಂದು ದಿನ ಕಾಲು ತಾನೇ ಕುಣಿಯಿತು, ಮರುದಿನ ಏನೂ ಇಲ್ಲ. ಪ್ರತಿ ಚಮಚಕ್ಕೂ ಒಂದೊಂದು ಅಳತೆ. ಬಿಟ್ಟೆ.

ಶಸ್ತ್ರಚಿಕಿತ್ಸೆಯ ನಂತರ ಮಾತ್ರೆಗಳನ್ನು, ಅದರಲ್ಲೂ ಪ್ರಾಮಿಪೆಕ್ಸೋಲ್ ಅನ್ನುವ ಇನ್ನೊಂದು ಪಾರ್ಕಿನ್ಸನ್ ಮಾತ್ರೆಯನ್ನು, ಬೇಗ ಇಳಿಸಿದಾಗ ಇನ್ನೊಂದು ಕಾಟ. ದುಃಖ ಅಲ್ಲ, ಕೋಪ ಅಲ್ಲ, ಯಾವುದೂ ಬೇಡ ಅನ್ನಿಸುವುದು. ಜಗಲಿಯಲ್ಲಿ ಕೂತವನು ತೋಟಕ್ಕೂ ಇಳಿಯಲಿಲ್ಲ. ಮನೆಯವರು ಮುನಿಸು ಅಂದುಕೊಂಡರು. ಆ ಮಾತ್ರೆ ಕಾಲುಭಾಗ ವಾಪಸು ಬಂದಮೇಲೆ ತಿಂಗಳೊಳಗೆ ಸರಿಹೋದೆ. ಆರು ಕೆಜಿ ತೂಕವೂ ಏರಿತ್ತು, ಅದು ಮಾತ್ರ ಇಳಿದಿಲ್ಲ.

ಇನ್ನೊಂದು ವಿಷಯ ಜೀವದ್ದು. ಭುಜನೋವಿಗೆ ಹೋದಲ್ಲಿ ಫಿಸಿಯೊ ಹುಡುಗ ಶಾರ್ಟ್‌ವೇವ್ ಡಯಾಥರ್ಮಿ (ರೇಡಿಯೊ ಅಲೆಗಳಿಂದ ಮೈಯೊಳಗೆ ಶಾಖ ಕೊಡುವ) ಯಂತ್ರವನ್ನು ಹತ್ತಿರ ಎಳೆದ. ಶರ್ಟಿನ ಗುಂಡಿ ಬಿಚ್ಚಿ ಎದೆಯ ಮೇಲಿನ ಬ್ಯಾಟರಿಯ ಉಬ್ಬು ತೋರಿಸಿ ನಿಲ್ಲಿಸಿದೆ. ಡಿಬಿಎಸ್ ಇರುವವರ ಮೈಯ ಯಾವ ಭಾಗಕ್ಕೂ ಡಯಾಥರ್ಮಿ ಕೊಡಿಸಬಾರದು. ಲೀಡಿನ ತುದಿ ಕಾದು ಮೆದುಳೇ ಸುಡುತ್ತದೆ. ಡಿಬಿಎಸ್ ಇದೆ ಅಂತ ಹೇಳುವ ಕಾರ್ಡು ಜೇಬಿನಲ್ಲಿರಲಿ.

ಮುಂದಿನ ಸಲ ಪಲ್ಸನ್ನು, ಅಂದರೆ ಕರೆಂಟಿನ ಒಂದೊಂದು ಮಿಡಿತದ ಅವಧಿಯನ್ನು, 60 ಮೈಕ್ರೊಸೆಕೆಂಡಿನಿಂದ 30ಕ್ಕೆ ಇಳಿಸಿ ನೋಡಲು ಕೇಳಿದ್ದೇನೆ, ನನ್ನ ಯಂತ್ರ ಒಪ್ಪಿದರೆ. ಅದೇನಾದರೂ ನಡೆದರೆ ಕೂಟದ ಗ್ರೂಪೇ ಬೇಕಾಗಲಿಕ್ಕಿಲ್ಲ. ಡಾಕ್ಟರಿಗೆ ಅನುಮಾನ ಇದೆ.