ತಗಡಿನ ಹಿಂದೆ ನಾಲ್ಕು ಬಟನ್: ಇಂಡಕ್ಟಿವ್ ಟಚ್ ಬೋರ್ಡ್ ಮಾಡಿದ ಅನುಭವ

ಒದ್ದೆ ಕೈ, ರಬ್ಬರ್ ಗ್ಲೌಸ್, ಎಣ್ಣೆ ಮೆತ್ತಿದ ಬೆರಳು: ಕೆಪ್ಯಾಸಿಟಿವ್ ಟಚ್ (ಮೊಬೈಲ್ ಪರದೆಯಂತೆ ಬೆರಳನ್ನೇ ಗ್ರಹಿಸುವುದು) ಈ ಮೂರಕ್ಕೂ ತಡವರಿಸುತ್ತದೆ. ಇಂಡಕ್ಟಿವ್ ಬಟನ್‌ಗೆ ಬೆರಳಿನ ಗೊಡವೆಯೇ ಇಲ್ಲ. ಅಲ್ಯೂಮಿನಿಯಂ ತಗಡನ್ನು ಒತ್ತಿದರೆ ಅದು ಕೆಲವು ಮೈಕ್ರಾನ್ ಬಾಗಿ ಹಿಂದಿರುವ ಕಾಯಿಲ್‌ಗೆ ಹತ್ತಿರವಾಗುತ್ತದೆ. ಕಾಯಿಲಿನ (ಸುರುಳಿಯ) ಇಂಡಕ್ಟೆನ್ಸ್, ಅಂದರೆ ಕರೆಂಟಿನ ಬದಲಾವಣೆಯನ್ನು ತಡೆಯುವ ಗುಣ, ಇಳಿದು, ಅದರ ಆಸಿಲೇಷನ್ ಫ್ರೀಕ್ವೆನ್ಸಿ ಏರುತ್ತದೆ. ಚಿಪ್ ಅಳೆದು ಕೊಡುವುದು ಆ ಫ್ರೀಕ್ವೆನ್ಸಿಯನ್ನು.

ನಾನು ಬಳಸಿದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಲ್‌ಡಿಸಿ1614: ನಾಲ್ಕು ಚಾನೆಲ್, 28 ಬಿಟ್, ಐ2ಸಿ (ಎರಡು ತಂತಿಯ ಡೇಟಾ ಸಂಪರ್ಕ). ಜೊತೆಗೆ ಇಎಸ್‌ಪಿ32 ಮೈಕ್ರೋಕಂಟ್ರೋಲರ್ ಬೋರ್ಡ್ ಮತ್ತು ಚಿಪ್‌ಗೆ ಕ್ಲಾಕ್ ಕೊಡುವ 40 ಮೆಗಾಹರ್ಟ್ಸ್‌ನ ಆಸಿಲೇಟರ್. ಎಲ್ಲಕ್ಕೂ 3.3 ವೋಲ್ಟ್. ಚಿಪ್‌ನ ಮಿತಿಯೇ 3.6 ವೋಲ್ಟ್ ಆದ್ದರಿಂದ 5 ವೋಲ್ಟ್ ಆರ್ಡುಯಿನೊ ನೇರ ಜೋಡಿಸಬೇಡಿ. ಐ2ಸಿ ತಂತಿಗಳಿಗೆ 4.7 ಕಿಲೋಓಮ್ ಪುಲ್‌ಅಪ್ (3.3 ವೋಲ್ಟ್‌ಗೆ ಎಳೆದಿಡುವ ರೆಸಿಸ್ಟರ್). ಎಸ್‌ಡಿ (ಚಿಪ್ಪನ್ನು ಆಫ್ ಮಾಡುವ ಪಿನ್) ಮತ್ತು ಅಡ್ರೆಸ್ ಪಿನ್ ಎರಡೂ ಗ್ರೌಂಡ್‌ಗೆ.

ಕಾಯಿಲ್ ಪಿಸಿಬಿಯಲ್ಲೇ (ಸರ್ಕ್ಯೂಟ್ ಬೋರ್ಡಿನ ತಾಮ್ರದಲ್ಲೇ) ಇದೆ. ಹೊರವ್ಯಾಸ 14 ಮಿ.ಮೀ., ಟ್ರೇಸ್ 0.15, ಅಂತರ 0.15, ಒಂದು ಲೇಯರ್‌ಗೆ 14 ಸುತ್ತು, ಎರಡು ಲೇಯರ್ ಸೀರೀಸ್‌ನಲ್ಲಿ. ಒಂದು ಲೇಯರ್‌ಗೆ ಲೆಕ್ಕದಲ್ಲಿ ಸುಮಾರು 2.15 ಮೈಕ್ರೋಹೆನ್ರಿ, ಎರಡೂ ಸೇರಿದಾಗ ಪರಸ್ಪರ ಇಂಡಕ್ಟೆನ್ಸ್ ಕೂಡಿ 7ರ ಆಸುಪಾಸು. 330 ಪಿಕೋಫ್ಯಾರಡ್ ಕೆಪಾಸಿಟರ್ ಜೊತೆ ಇದು 3.3 ಮೆಗಾಹರ್ಟ್ಸ್, ತಗಡು ಕೂತ ಮೇಲೆ ಇನ್ನೂ ಹೆಚ್ಚು. ಕೆಪಾಸಿಟರ್ ಸಿ0ಜಿ (ಬಿಸಿಗೆ ಬೆಲೆ ಬದಲಾಗದ) ಜಾತಿಯದೇ ಆಗಬೇಕು. ಬಿಸಿಗೆ ಬದಲಾಗುವ ಎಕ್ಸ್7ಆರ್ ಹಾಕಿದರೆ ಬೋರ್ಡ್ ಒಳ್ಳೆಯ ಥರ್ಮಾಮೀಟರ್ ಆಗುತ್ತದೆ, ಬಟನ್ ಆಗುವುದಿಲ್ಲ.

ಲೇಔಟ್‌ನಲ್ಲಿ ಒಂದು ತಪ್ಪು ಸುಲಭವಾಗಿ ನುಸುಳುತ್ತದೆ. ಮೇಲಿನಿಂದ ನೋಡಿದರೆ ಎರಡೂ ಲೇಯರ್‌ನಲ್ಲಿ ಕರೆಂಟ್ ಒಂದೇ ದಿಕ್ಕಿಗೆ ಸುತ್ತಬೇಕು. ಕೆಳಗಿನದನ್ನು ಮೇಲಿನದರ ನಕಲಾಗಿ ಇಟ್ಟುಬಿಟ್ಟರೆ ಕರೆಂಟ್ ಎದುರು ದಿಕ್ಕಿಗೆ ಓಡಿ, ಕೂಡಬೇಕಾದದ್ದು ಕಳೆದುಹೋಗುತ್ತದೆ. ಆಗ ಇಂಡಕ್ಟೆನ್ಸ್ ಕಾಲು ಭಾಗಕ್ಕೆ ಇಳಿದು ಫ್ರೀಕ್ವೆನ್ಸಿ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ತಗಡಿಲ್ಲದೆ 2.24 ಕೋಟಿ ಬರಬೇಕಾದ ರೀಡಿಂಗ್ (ಫ್ರೀಕ್ವೆನ್ಸಿಗೆ ತಕ್ಕಂತೆ ಚಿಪ್ ಕೊಡುವ ಸಂಖ್ಯೆ) 4.4 ಕೋಟಿಯ ಹತ್ತಿರ ಬಂದರೆ ಕೋಡ್ ಹುಡುಕುತ್ತಾ ಕೂರಬೇಡಿ, ಗರ್ಬರ್ (ಬೋರ್ಡ್ ತಯಾರಿಕೆಗೆ ಕಳಿಸುವ ಫೈಲ್) ತೆಗೆದು ನೋಡಿ. ಕಾಯಿಲ್ ಕೆಳಗೆ ಗ್ರೌಂಡ್ ಪ್ಲೇನ್ (ಹರಡಿದ ತಾಮ್ರದ ಪದರ) ಕೂಡ ಇರಬಾರದು. ಅದೂ ಒಂದು ತಗಡೇ.

ಈಗ ನಿಜವಾದ ತಗಡಿನ ವಿಷಯ. 0.5 ಮಿ.ಮೀ. ಅಲ್ಯೂಮಿನಿಯಂ, 20 ಮಿ.ಮೀ. ತೂತಿರುವ 0.4 ಮಿ.ಮೀ. ಎಫ್‌ಆರ್4 (ಪಿಸಿಬಿಯ ಫೈಬರ್‌ಗ್ಲಾಸ್ ಹಾಳೆ) ಸ್ಪೇಸರ್ ಮೇಲೆ. 300 ಗ್ರಾಂ ಭಾರದಷ್ಟು ಒತ್ತಿದರೆ ನಡುವೆ ಏಳು ಮೈಕ್ರಾನ್‌ನಷ್ಟು ಬಾಗುತ್ತದೆ. ಬಾಗುವಿಕೆ ದಪ್ಪದ ಘನಕ್ಕೆ ವಿಲೋಮ: 1 ಮಿ.ಮೀ. ತಗಡಾದರೆ ಎಂಟನೇ ಒಂದು ಪಾಲು, ಒಂದು ಮೈಕ್ರಾನ್ ಕೂಡ ಬರುವುದಿಲ್ಲ. "ಗಟ್ಟಿಯಾಗಿರಲಿ" ಎಂದು ದಪ್ಪ ಹಾಕುವವರು ಆಮೇಲೆ ಸಾಫ್ಟ್‌ವೇರನ್ನು ಬೈಯುತ್ತಾರೆ. ಸ್ಪೇಸರ್ ಬದಲು ಫೋಮ್ ಟೇಪ್ ಅಂಟಿಸಿದರೆ ಬೆರಳು ತೆಗೆದ ಮೇಲೂ ರೀಡಿಂಗ್ ನಿಧಾನವಾಗಿ ಜಾರುತ್ತಾ ಹಿಂದಿರುಗುತ್ತದೆ; ಎಪಾಕ್ಸಿಯೇ ಸರಿ.

ಪ್ರೋಗ್ರಾಂ ಚಿಕ್ಕದು, ಆದರೆ ಕ್ರಮ ಮುಖ್ಯ. ಐ2ಸಿಯಲ್ಲಿ ಚಿಪ್‌ನ ವಿಳಾಸ ಹೆಕ್ಸ್ (16ರ ಆಧಾರದ ಸಂಖ್ಯೆ) 2ಎ. ಮೊದಲು ರಿಜಿಸ್ಟರ್ (ಚಿಪ್‌ನೊಳಗಿನ ಸಂಖ್ಯೆಯ ಖಾನೆ) 7ಇ ಓದಿ 5449, 7ಎಫ್ ಓದಿ 3055 ಬರುತ್ತದೆಯೇ ನೋಡಿ. ಪವರ್ ಕೊಟ್ಟಾಗ ಚಿಪ್ ಸ್ಲೀಪ್‌ನಲ್ಲಿರುತ್ತದೆ; ಸೆಟಿಂಗ್ ಎಲ್ಲ ಆಗಲೇ ಬರೆಯಬೇಕು. ಮುಂದಿನ ಸಂಖ್ಯೆಗಳೂ ಹೆಕ್ಸ್‌ನಲ್ಲೇ. ಚಾನೆಲ್ 0ಕ್ಕೆ 08ರಲ್ಲಿ 2000, 10ರಲ್ಲಿ 0020, 14ರಲ್ಲಿ 1001, 1ಇಯಲ್ಲಿ 9000. ಉಳಿದ ಮೂರು ಚಾನೆಲ್‌ಗೆ ಪಕ್ಕದ ರಿಜಿಸ್ಟರ್‌ಗಳಲ್ಲಿ ಇವೇ. ನಂತರ 19ರಲ್ಲಿ 1801, 1ಬಿಯಲ್ಲಿ ಸಿ20ಡಿ, ಕಟ್ಟಕಡೆಗೆ 1ಎಯಲ್ಲಿ 1601. ಈ ಕೊನೆಯದೇ ಚಿಪ್ಪನ್ನು ಎಬ್ಬಿಸುತ್ತದೆ.

ಸಿ20ಡಿಯ ಕೊನೆಯ ಅಂಕೆ ಡಿಗ್ಲಿಚ್ ಫಿಲ್ಟರ್ (ಅದಕ್ಕಿಂತ ಮೇಲಿನ ಗದ್ದಲ ಸೋಸುವುದು) ಅನ್ನು 10 ಮೆಗಾಹರ್ಟ್ಸ್‌ಗೆ ಇಡುತ್ತದೆ. 3.3 ಮೆಗಾಹರ್ಟ್ಸ್‌ನದನ್ನು ಆರಿಸಿದರೆ ಬರೀ ಬೋರ್ಡಿನಲ್ಲಿ ಸರಿಯಿದ್ದಂತೆ ಕಂಡು, ತಗಡು ಕೂರಿಸಿ ಫ್ರೀಕ್ವೆನ್ಸಿ ಏರಿದಾಗ ರೀಡಿಂಗ್ ಹುಚ್ಚೆದ್ದು ಕುಣಿಯುತ್ತದೆ. 1ಇಯಲ್ಲಿ ಬರೆದ 9000 ಕಾಯಿಲನ್ನು ನಡೆಸುವ ಡ್ರೈವ್ ಕರೆಂಟ್. ತಗಡು ಕೂರಿಸಿಯೇ ಸ್ಕೋಪ್‌ನಲ್ಲಿ ನೋಡಿ, ಆಂಪ್ಲಿಟ್ಯೂಡ್ 1.2ರಿಂದ 1.8 ವೋಲ್ಟ್ ಒಳಗಿರಲಿ. ಪ್ರೋಬ್ ತಾಗಿಸಿದೊಡನೆ ರೀಡಿಂಗ್ ಮೂರು ಲಕ್ಷಕ್ಕೂ ಹೆಚ್ಚು ಬೀಳುತ್ತದೆ, ಗಾಬರಿ ಬೇಡ: ಪ್ರೋಬ್‌ನ ಹತ್ತು ಪಿಕೋಫ್ಯಾರಡ್ ಸರ್ಕ್ಯೂಟ್‌ಗೆ ಸೇರಿದೆ, ಅಷ್ಟೆ.

ಒಂದು ಚಾನೆಲ್‌ಗೆ 3.28 ಮಿಲಿಸೆಕೆಂಡ್, ನಾಲ್ಕಕ್ಕೆ 13ರಷ್ಟು. ಡೇಟಾ ಸಿದ್ಧವಾದಾಗ ಇಂಟರಪ್ಟ್ ಪಿನ್ ಕೆಳಗಿಳಿಯುತ್ತದೆ. ಪ್ರತಿ ಸಲ ಸ್ಟೇಟಸ್ ರಿಜಿಸ್ಟರ್ 18 ಓದದಿದ್ದರೆ ಅದು ಕೆಳಗೇ ಉಳಿದು, ಪ್ರೋಗ್ರಾಂ ಒಂದೇ ರೀಡಿಂಗ್ ತೋರಿಸಿ ಸುಮ್ಮನಾಗುತ್ತದೆ. ಆಮೇಲೆ ಮೇಲಿನ 16 ಬಿಟ್, ಅದಾದ ಮೇಲೆ ಕೆಳಗಿನ 16. ಮೇಲ್ಭಾಗದ ಮೊದಲ ನಾಲ್ಕು ಬಿಟ್ ದೋಷದ ಗುರುತುಗಳು, ಅವನ್ನು ಬೇರ್ಪಡಿಸಿ. ಬೇರ್ಪಡಿಸದಿದ್ದರೆ ಮೊತ್ತ ಇದ್ದಕ್ಕಿದ್ದಂತೆ 26,84,35,456 ಹೆಚ್ಚಾಗುವುದುಂಟು: ಆಂಪ್ಲಿಟ್ಯೂಡ್ ತಪ್ಪಿದೆ ಎಂದರ್ಥ.

ನನ್ನ ಬೋರ್ಡಿನಲ್ಲಿ ಸಾಧಾರಣ ಒತ್ತಿಗೆ ಏರಿಕೆ 12,000ದಿಂದ 18,000. ಸತತ ಮೂರು ಸ್ಕ್ಯಾನ್ (ನಾಲ್ಕೂ ಚಾನೆಲ್ ಓದುವ ಒಂದು ಸುತ್ತು) 6,000 ಮೀರಿದರೆ ಒತ್ತಿದಂತೆ, 3,000ಕ್ಕಿಂತ ಇಳಿದರೆ ಬಿಟ್ಟಂತೆ. ಹೋಲಿಸುವ ಬೇಸ್‌ಲೈನ್ (ಒತ್ತದಿರುವಾಗಿನ ರೀಡಿಂಗ್) ಸ್ಥಿರವಾಗಿರಬಾರದು. ಬಿಸಿಲು ತಗಡಿಗೆ ಬಿದ್ದರೆ ಸಾಕು, ಅದು ಸರಿಯುತ್ತದೆ. ಪ್ರತಿ ಸ್ಕ್ಯಾನ್‌ಗೂ ವ್ಯತ್ಯಾಸದ 64ನೇ ಒಂದು ಪಾಲನ್ನು ಬೇಸ್‌ಲೈನ್‌ಗೆ ಸೇರಿಸುತ್ತೇನೆ, ಒತ್ತಿರುವಾಗ ಮಾತ್ರ ನಿಲ್ಲಿಸುತ್ತೇನೆ. ನಿಲ್ಲಿಸದಿದ್ದರೆ ಒತ್ತಿ ಹಿಡಿದ ಬಟನ್ ಒಂದೆರಡು ಸೆಕೆಂಡಿನಲ್ಲಿ ತಾನಾಗಿ ಬಿಡುಗಡೆಯಾಗುತ್ತದೆ. ಶಾಶ್ವತವಾಗಿ ನಿಲ್ಲಿಸಿದರೆ, ತಗಡು ಒಂದು ಸಲ ಜಜ್ಜಿಹೋದಾಗ ಬಟನ್ ಒತ್ತಿದಂತೆಯೇ ಉಳಿಯುತ್ತದೆ. ಹಾಗಾಗಿ 30 ಸೆಕೆಂಡ್ ಮೀರಿದರೆ ಇದ್ದ ರೀಡಿಂಗನ್ನೇ ಹೊಸ ಬೇಸ್‌ಲೈನ್ ಎಂದು ಒಪ್ಪಿಕೊಳ್ಳುತ್ತೇನೆ.

ಒಂದನ್ನು ಒತ್ತಿದರೆ ಪಕ್ಕದ್ದೂ ಸ್ವಲ್ಪ ಅಲುಗುತ್ತದೆ, ತಗಡು ಒಂದೇ ತಾನೆ. ಅದಕ್ಕೆ ನಾಲ್ಕರಲ್ಲಿ ಅತಿ ಹೆಚ್ಚು ಏರಿದ್ದಕ್ಕೆ ಮಾತ್ರ ಮನ್ನಣೆ. ಎರಡು ಬಟನ್ ಒಟ್ಟಿಗೆ ಒತ್ತುವ ಸೌಲಭ್ಯ ಬೇಕಿದ್ದವರು ಬಟನ್‌ಗಳ ನಡುವೆ 30 ಮಿ.ಮೀ. ಬಿಟ್ಟು, ಪ್ರತಿ ಜೋಡಿಯ ಮಧ್ಯೆ ಒಂದು ಸ್ಕ್ರೂ ಕೊಡಲಿ.