ಕೈ ನಡುಗುವವರನ್ನೆಲ್ಲ ಒಂದೇ ಸಾಲಿಗೆ ಸೇರಿಸದೆ

ದಾವಣಗೆರೆಯ ನನ್ನ ಕ್ಲಿನಿಕ್ಕಿಗೆ ಚನ್ನಗಿರಿ, ಜಗಳೂರು, ಹೊಳಲ್ಕೆರೆ ಕಡೆಯಿಂದ ನಡುಕದ ರೋಗಿಗಳು ಬರುತ್ತಾರೆ. ಎಲ್ಲರ ಚೀಟಿಯಲ್ಲೂ ‘ಪಾರ್ಕಿನ್ಸನ್’ ಅಂತಲೇ ಇರುತ್ತದೆ. ಆದರೆ ಆ ಕಾಯಿಲೆಗೆ ಕೊಡುವ ಅದೇ ಲೆವೊಡೋಪಾ ಮಾತ್ರೆ ಒಬ್ಬರಿಗೆ ವರ್ಷಗಟ್ಟಲೆ ಒಗ್ಗುತ್ತದೆ, ಇನ್ನೊಬ್ಬರು ಬೇಗನೆ ಎಡವಿ ಬೀಳತೊಡಗುತ್ತಾರೆ, ಮರೆವೂ ಜೊತೆಗೂಡುತ್ತದೆ. ಯಾರದು ಯಾವ ಬಗೆ ಎಂದು ವಿಂಗಡಿಸಿ ರಿಜಿಸ್ಟರ್ ಬರೆಯಲು ಶುರು ಮಾಡಿದ್ದು ಇದಕ್ಕೇ.

ಮೊದಲು ಮಾತ್ರೆಯ ಚೀಲ ಮೇಜಿನ ಮೇಲೆ ಸುರಿಸುತ್ತೇನೆ. ತಲೆಸುತ್ತಿಗೆ ಸಿನ್ನರಿಜಿನ್, ಅರೆತಲೆನೋವಿಗೆ ಫ್ಲೂನರಿಜಿನ್ ಬಹುಕಾಲ ನುಂಗಿದವರಲ್ಲೂ ಇದೇ ಬಿಗಿತ, ಇದೇ ನಡುಕ ಬರಬಹುದು. ನಿಲ್ಲಿಸಿದರೆ ಹಲವರಿಗೆ ಕೆಲವು ತಿಂಗಳಲ್ಲಿ ಇಳಿಯುತ್ತದೆ. ಇವರನ್ನು ಬದಿಗಿಡದೆ ಜೀನು, ಪ್ರೋಟೀನು ಅಂತ ಹೊರಟರೆ ಲೆಕ್ಕವೆಲ್ಲ ಕೆಡುತ್ತದೆ.

ಆಮೇಲಿನ ಪ್ರಶ್ನೆ ರೋಗಿಗಲ್ಲ, ಹೆಂಡತಿಗೆ. “ನಿದ್ದೆಯಲ್ಲಿ ಒದೀತಾರೇನಮ್ಮಾ?” ಒಬ್ಬಾಕೆ ಅಂದಳು: “ಕನಸಲ್ಲಿ ಎಮ್ಮೆ ಓಡಿಸ್ತಾರೆ ಸಾರ್, ನಾನು ಚಾಪೆ ಹಾಸ್ಕೊಂಡು ಕೆಳಗೆ ಮಲಗ್ತೀನಿ.” ನಡುಕ ಶುರುವಾಗುವ ಎಷ್ಟೋ ವರ್ಷ ಮೊದಲಿನಿಂದಲೂ ಹೀಗೇ, ಮಲಬದ್ಧತೆಯೂ ಇತ್ತಂತೆ. ಡೆನ್ಮಾರ್ಕಿನ ಪೆರ್ ಬೋರ್ಗ್‌ಹ್ಯಾಮರ್ ತಂಡದ ಪ್ರಕಾರ ಇಂಥವರಲ್ಲಿ ರೋಗ ಕರುಳಿನ ನರಗಳಲ್ಲಿ ಹುಟ್ಟಿ ಮೇಲೇರುತ್ತದೆ. ಮೆದುಳಿನಲ್ಲೇ ಶುರುವಾದವರಲ್ಲಿ ಒಂದು ಕೈ ಮೊದಲು ಕೆಡುತ್ತದೆ, ನಿದ್ದೆಯ ಗಲಾಟೆ ತಡವಾಗಿ ಬರುತ್ತದೆ ಅಥವಾ ಬರುವುದೇ ಇಲ್ಲ. ಇದಿನ್ನೂ ವಾದವೇ. ಆದರೂ ಯಾವುದು ಮೊದಲು, ಯಾವುದು ಆಮೇಲೆ ಎಂದು ಬರೆದಿಡಲು ಖರ್ಚೇನಿಲ್ಲ.

ವಾಸನೆ ತಿಳಿಯುತ್ತದೋ ಇಲ್ಲವೋ ಎಂದು ನೋಡುವ ಮೂಗಿನ ಪರೀಕ್ಷೆಯ ಮೇಲೆ ನನಗೆ ಹೆಚ್ಚು ಭರವಸೆ. 40 ವಾಸನೆಗಳ ಅಮೆರಿಕನ್ ಕಿಟ್‌ನಲ್ಲಿ ರೂಟ್ ಬಿಯರ್ ಎಂಬ ಅಲ್ಲಿನ ತಂಪು ಪಾನೀಯದ ವಾಸನೆ ಇದೆ. ಜಗಳೂರಿನ ಅಜ್ಜನಿಗೆ ಅದೇನು ಗೊತ್ತು? ಸಣ್ಣ ಡಬ್ಬಿಗಳಲ್ಲಿ ಕಾಫಿಪುಡಿ, ಏಲಕ್ಕಿ, ತುಪ್ಪ, ಮಲ್ಲಿಗೆ ಇಟ್ಟೆ. ವಿಕ್ಸ್, ಕರ್ಪೂರ ಬೇಡ. ವಾಸನೆ ತಿಳಿಯದವರಿಗೂ ಅದರ ಘಾಟು ಗೊತ್ತಾಗಿಬಿಡುತ್ತದೆ. 2023ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿಯಲ್ಲಿ ಬಂದ ಅಧ್ಯಯನದಲ್ಲಿ, ಬೆನ್ನುಹುರಿಯ ನೀರಿನಲ್ಲಿ ತಪ್ಪಾಗಿ ಮಡಚಿಕೊಂಡ ಆಲ್ಫಾ-ಸಿನುಕ್ಲೀನ್ ಎಂಬ ಪ್ರೋಟೀನನ್ನು ಪತ್ತೆಹಚ್ಚುವ ಪರೀಕ್ಷೆ ಸುಮಾರು 88% ಪಾರ್ಕಿನ್ಸನ್ ರೋಗಿಗಳಲ್ಲಿ ಪಾಸಿಟಿವ್ ಬಂತು. ವಾಸನೆ ಹೋದವರಲ್ಲಿ 97%. ಎಲ್‌ಆರ್‌ಆರ್‌ಕೆ2 ಜೀನಿನ ದೋಷವಿದ್ದೂ ವಾಸನೆ ಉಳಿದವರಲ್ಲಿ ಸುಮಾರು 35% ಮಾತ್ರ. ಹೆಸರು ಒಂದೇ, ಒಳಗಿನ ರೋಗ ಬೇರೆ ಅನ್ನುವುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನಾನು ಕಂಡಿಲ್ಲ.

ನಲವತ್ತರೊಳಗೇ ರೋಗ ಶುರುವಾದರೆ ತಂದೆತಾಯಿಯ ಸಂಬಂಧ ಕೇಳುತ್ತೇನೆ. ಅಕ್ಕನ ಮಗಳನ್ನು ತಂದುಕೊಂಡ ಮನೆಗಳು ನಮ್ಮಲ್ಲಿ ಕಮ್ಮಿಯೇನಲ್ಲ. ಪಾರ್ಕಿನ್ ಜೀನಿನ ದೋಷ ಎರಡೂ ಕಡೆಯಿಂದ ಬಂದಿರಬಹುದೆಂದು ರಕ್ತ ಬೆಂಗಳೂರಿಗೆ ಕಳಿಸುತ್ತೇನೆ. ಇವರಿಗೆ ಲೆವೊಡೋಪಾದ ಸಣ್ಣ ಡೋಸೇ ಸಾಕಾಗುವುದುಂಟು. ಏರಿಸುವ ಅವಸರ ಮಾಡಿದರೆ ಮೈ ತಾನೇ ಹೊರಳಾಡುವ ತೊಂದರೆ ಬೇಗ ಬರುತ್ತದೆ. ಜಿಬಿಎ1 ಎಂಬ ಇನ್ನೊಂದು ಜೀನಿನ ದೋಷ ಕಂಡರೆ ಮರೆವು ಬೇಗ ಬರುವ ಸಂಭವ ಹೆಚ್ಚು. ನಡುಕ ಇಳಿಸಲು ಮೆದುಳಿಗೆ ಎಲೆಕ್ಟ್ರೋಡ್ ಹಾಕಿಸುವ ಮಾತು ಎತ್ತುವ ಮೊದಲೇ ಅದನ್ನು ಮನೆಯವರಿಗೆ ಬಿಡಿಸಿ ಹೇಳುತ್ತೇನೆ.

ಈ ಜಿಬಿಎ1 ದೋಷಕ್ಕೆ ಕೆಮ್ಮಿನ ಔಷಧಿ ಆಂಬ್ರಾಕ್ಸಾಲ್ ಪ್ರಯೋಗಿಸಿ ನೋಡುತ್ತಿದ್ದಾರೆ ಎಂದು ಮೊಬೈಲಿನಲ್ಲಿ ಓದಿದ ರೋಗಿಯೊಬ್ಬರ ಮಗ ಅದಿರುವ ಸಿರಪ್ ಹಿಡಿದುಕೊಂಡೇ ಬಂದ. “ಅಪ್ಪಾಜಿಗೆ ಇದನ್ನೇ ಕುಡಿಸ್ಲಾ ಸಾರ್?” ಲಂಡನ್ನಿನ ಪ್ರಯೋಗದಲ್ಲಿ ಕೊಟ್ಟದ್ದು ದಿನಕ್ಕೆ 1,260 ಮಿಲಿಗ್ರಾಂ, ಅದೂ ಮಾತ್ರೆಯಲ್ಲಿ, ವೈದ್ಯರ ಕಣ್ಗಾವಲಿನಲ್ಲಿ; ರೋಗ ತಡೆಯುತ್ತದೋ ಇಲ್ಲವೋ ಎಂಬ ದೊಡ್ಡ ಪರೀಕ್ಷೆ ಬೇರೆಯೇ ಆಗಬೇಕು. ಬಾಟಲಿ ಅಂಗಡಿಗೆ ವಾಪಸ್ ಕೊಡು ಎಂದೆ. ಅವನ ಅಪ್ಪನ ಜೀನ್ ಪರೀಕ್ಷೆಯೇ ಆಗಿರಲಿಲ್ಲ.