ಕುದುರೆಯ ಕಾಲು, ಗೊರಸಿನ ಭಾಗಗಳನ್ನು ಗುರುತಿಸುವುದು ಹೇಗೆ?

ಕುದುರೆ ಕುಂಟತೊಡಗಿದಾಗ ಪಶುವೈದ್ಯರಿಗೆ ಕರೆ ಮಾಡುವ ಅನೇಕರು ‘ಕಾಲಿಗೆ ಏನೋ ಆಗಿದೆ’ ಎನ್ನುವುದಕ್ಕಿಂತ ಹೆಚ್ಚೇನನ್ನೂ ಹೇಳಲಾರರು. ನೋವಿರುವ ಜಾಗವನ್ನು ಸರಿಯಾಗಿ ಹೆಸರಿಸಲು ಈ ಕ್ರಮದಲ್ಲಿ ನೋಡುತ್ತ ಬರಬೇಕು.

ಮೊದಲು ಮೇಲಿನಿಂದ ಕೆಳಕ್ಕೆ ಕೈಯಾಡಿಸಿ. ಮುಂಗಾಲಿನ ನಡುವಿನ ದೊಡ್ಡ ಕೀಲನ್ನು ಮೊಣಕಾಲು ಎಂದು ಕರೆದರೂ ಮೂಳೆಗಳ ಜೋಡಣೆಯಲ್ಲಿ ಅದು ನಮ್ಮ ಮಣಿಕಟ್ಟಿಗೆ ಸಮ. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿಕೊಂಡಿರುವ ಕೀಲು ‘ಹಾಕ್’. ನಿಜವಾದ ಮಂಡಿಯಾದ ‘ಸ್ಟೈಫಲ್’ ಹೊಟ್ಟೆಯ ಬದಿಯಲ್ಲಿರುತ್ತದೆ. ಮುಂಗಾಲಿನ ಮೊಣಕಾಲು, ಹಿಂಗಾಲಿನ ಹಾಕ್‌ಗಳಿಂದ ಕೆಳಗೆ ನೇರವಾದ ಕ್ಯಾನನ್ ಮೂಳೆ, ಅದರ ಹಿಂದೆ ಸ್ನಾಯುರಜ್ಜುಗಳು, ಆಮೇಲೆ ಉಬ್ಬಿದ ಫೆಟ್‌ಲಾಕ್ ಕೀಲು, ಇಳಿಜಾರಾದ ಪಾಸ್ಟರ್ನ್, ಕೊನೆಗೆ ಚರ್ಮವೂ ಗೊರಸೂ ಸೇರುವ ಕಿರೀಟದ ಅಂಚು.

ಕುದುರೆಯ ಬಾಲದ ಕಡೆಗೆ ಮುಖಮಾಡಿ ಪಕ್ಕದಲ್ಲಿ ನಿಂತು ಕಾಲನ್ನೆತ್ತಿ.

ಹೆಚ್ಚಿನವರು ಎಡವುವುದು ಗೊರಸಿನ ತಳದಲ್ಲಿ. ಕೆಸರು ಮೆತ್ತಿರುವಾಗ ಅಲ್ಲಿ ಏನನ್ನೂ ಗುರುತಿಸಲಾಗದು. ಆದ್ದರಿಂದ ಗೊರಸು ಕೆರೆಯುವ ಕೊಕ್ಕೆಯನ್ನು ಹಿಮ್ಮಡಿಯಿಂದ ತುದಿಯ ಕಡೆಗೆ ಮಾತ್ರ ಎಳೆಯಬೇಕು. ಬ್ರಷ್ ಜೋಡಿಸಿದ ಲೋಹದ ಕೊಕ್ಕೆಯನ್ನೇ ಕೊಳ್ಳಿ, ಅಗ್ಗದ ಪ್ಲಾಸ್ಟಿಕ್ಕಿನವು ಗಟ್ಟಿ ಮಣ್ಣಿಗೆ ಬಾಗಿಬಿಡುತ್ತವೆ. ಶುಚಿಯಾದ ಮೇಲೆ ಮೊದಲು ಕಾಣುವುದು ಹಿಮ್ಮಡಿಯ ಕಡೆ ಅಗಲವಾಗಿ, ತುದಿಯ ಕಡೆ ಚೂಪಾಗುವ ರಬ್ಬರಿನಂಥ ತ್ರಿಕೋನ, ಇದೇ ಫ್ರಾಗ್. ಇದರ ಎರಡೂ ಬದಿಗೆ ಒಂದೊಂದು ಕಾಲುವೆ, ನಡುವೆ ಒಂದು ಕುಳಿ ಇರುತ್ತದೆ. ನಡುವಿನ ಕುಳಿ ಅಗಲವಾಗಿ, ಆಳವಿಲ್ಲದೆ ಇದ್ದರೆ ಆರೋಗ್ಯದ ಗುರುತು. ಅದು ಕಿರಿದಾಗಿ ಸೀಳಿಕೊಂಡು, ಕಪ್ಪು ಕಸರು ದುರ್ವಾಸನೆ ಬೀರಿದರೆ ‘ಥ್ರಷ್’ ಎಂಬ ಕೊಳೆತವೆಂದು ಶಂಕಿಸಬೇಕು. ಹಿಮ್ಮಡಿಯ ಬಳಿ ಗೊರಸಿನ ಗೋಡೆ ಒಳಕ್ಕೆ ತಿರುಗಿ ‘ಬಾರ್’ ಆಗುತ್ತದೆ. ಇದನ್ನು ಫ್ರಾಗ್‌ನ ಅಂಚೆಂದು ತಿಳಿದು ಕೆತ್ತುವವರಿದ್ದಾರೆ. ಚಾಕು ಲಾಳ ಕಟ್ಟುವವರ ಕೈಯಲ್ಲೇ ಇರಲಿ. ಗೋಡೆಗೂ ಒಳಬಾಗಿದ ಅಂಗಾಲಿಗೂ ನಡುವೆ ‘ಬಿಳಿ ಗೆರೆ’ ಇದೆ. ಹೆಸರು ಹಾಗಿದ್ದರೂ ಅದು ತುಸು ಹಳದಿಯಾಗಿಯೇ ಕಾಣುತ್ತದೆ. ಅಲ್ಲಿ ಸಿಕ್ಕಿದ ಸಣ್ಣ ಕಲ್ಲು ಕೂಡ ಕೀವಿಗೆ ದಾರಿಯಾಗಬಹುದು.

ಇಷ್ಟನ್ನೂ ನೋಡದೆ ಗೊರಸಿಗೆ ಹೊಳಪಿನ ಎಣ್ಣೆ ಬಳಿಯುವ ಅಡ್ಡದಾರಿ ಬೇಡ. ಅದು ಬಿರುಕನ್ನು ಮರೆಮಾಡುತ್ತದೆಯೇ ಹೊರತು ವಾಸಿಮಾಡುವುದಿಲ್ಲ. ಗೊರಸು ಕಿರೀಟದ ಅಂಚಿನಿಂದ ಕೆಳಕ್ಕೆ ತಿಂಗಳಿಗೆ ಸುಮಾರು 6ರಿಂದ 10 ಮಿಲಿಮೀಟರ್ ಮಾತ್ರ ಬೆಳೆಯುವುದರಿಂದ, ಮೇಲಂಚಿನಲ್ಲಿ ಆದ ಗಾಯದ ಗುರುತು ತುದಿಗೆ ಇಳಿದು ಸವೆದುಹೋಗಲು ಒಂದು ವರ್ಷವೇ ಬೇಕಾಗಬಹುದು.

ವೈದ್ಯರಿಗೆ ತಿಳಿಸುವಾಗ ಎಡ–ಬಲಗಳನ್ನು ಕುದುರೆಯ ದೃಷ್ಟಿಯಿಂದಲೇ ಹೇಳಿ: ‘ಎಡ ಮುಂಗಾಲು, ಹೊರಬದಿಯ ಗೋಡೆ, ಹಿಮ್ಮಡಿಯ ಹತ್ತಿರ’. ಊತವನ್ನೋ ಬಿಸಿಯನ್ನೋ ಹೋಲಿಸಿ ನೋಡುವಾಗ ಮುಂಗಾಲನ್ನು ಮುಂಗಾಲಿನೊಂದಿಗೇ ಹೋಲಿಸಬೇಕು. ಮುಂದಿನ ಗೊರಸುಗಳು ದುಂಡಗೆ, ಹಿಂದಿನವು ತುಸು ಚೂಪಾಗಿ ಇರುವುದು ಸಹಜ.